ಕೆಂಚಪ್ಪ ಹೇಳಬೇಕಾಗಿ ಬಂದ ಮಾತು

ವಿಧಾನಸಭೆ ಚುನಾವಣೆಯ ಮತ ಎಣಿಕೆಯ ದಿನ ಕೊನೆಯ ಸುತ್ತಿನವರೆಗೆ ಕೂತಿರಬೇಕಾಗಿದ್ದ ಕೆಂಚಪ್ಪ ಮಧ್ಯದಲ್ಲೇ ಎದ್ದು ತುಮಕೂರಿನ ಬಸ್ ನಿಲ್ದಾಣಕ್ಕೆ ನಡೆದುಬಿಟ್ಟ. ಪಕ್ಷದ ಎಣಿಕೆ ಏಜೆಂಟ್ ಎಂಬ ಗುರುತಿನ ಚೀಟಿ ಇನ್ನೂ ಅವನ ಕೊರಳಲ್ಲೇ ಇತ್ತು. ಆಗಷ್ಟೇ ಅವನ ಸ್ವಂತ ಊರಿನ ಬೂತಿನ ಎಣಿಕೆ ಮುಗಿದಿತ್ತು. ದಬ್ಬೇಘಟ್ಟದ ಪಕ್ಕದ ಆ ಊರಿನಲ್ಲಿ ಪಕ್ಷಕ್ಕೆ ಬಿದ್ದ ಮತಗಳು ಅವನ ಬೀದಿಯ ಮಂದಿಗಿಂತಲೂ ಕಡಿಮೆ. ಒಡಹುಟ್ಟಿದ ತಮ್ಮನ ಮನೆಯವರೂ ಕೈ ಬಿಟ್ಟಿದ್ದಾರೆಂಬುದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಜೆಯ ಹೊತ್ತಿಗೆ ಎಲ್ಲ ಖಚಿತವಾಯಿತು. ಅಭ್ಯರ್ಥಿ ಶಂಭುಲಿಂಗಯ್ಯನವರು ಮೂರನೇ ಸ್ಥಾನಕ್ಕೆ ಇಳಿದಿದ್ದರು. ಠೇವಣಿಯೂ ಉಳಿಯಲಿಲ್ಲ. ಪಕ್ಷದ ತಾಲ್ಲೂಕು ಅಧ್ಯಕ್ಷರೂ ಅವರೇ ಆಗಿದ್ದುದರಿಂದ ಸೋತವರನ್ನು ಹೋಗಿ ಸಮಾಧಾನ ಮಾಡುವುದು ಯಾರು ಎಂಬುದೇ ಯಾರಿಗೂ ತಿಳಿಯಲಿಲ್ಲ. ತುರುವೇಕೆರೆಯ ಅವರ ಕೊಬ್ಬರಿ ಮಂಡಿಯ ಮುಂದೆ ಅಂದು ಒಂದು ಬೈಕೂ ನಿಲ್ಲಲಿಲ್ಲ.

ಮನೆಗೆ ಬಂದ ಕೆಂಚಪ್ಪನಿಗೆ ಹೆಂಡತಿ ಹೊಂಬಾಳಮ್ಮ ಕಾಲು ತೊಳೆಯಲು ನೀರು ಕೊಟ್ಟಳು.

“ನಮ್ಮೂರೋರೂ ಹಾಕಲಿಲ್ವಂತೆ?”

“ಹೂಂ.”

“ನಿಮಗೆ ಗೊತ್ತಿತ್ತಲ್ಲ.”

ಕೆಂಚಪ್ಪ ಹಸುಗಳಿಗೆ ಹುಲ್ಲು ಹಾಕಲು ಕೊಟ್ಟಿಗೆಯ ಕಡೆಗೆ ಹೋದ. ಗೊತ್ತಿತ್ತು, ನಿಜ. ಪ್ರಚಾರದ ದಿನಗಳಲ್ಲಿ ಜನ ಅವನ ಮುಖ ನೋಡಿ ಕೈಮುಗಿಯುತ್ತಿದ್ದರು, ಅಭ್ಯರ್ಥಿಯ ಹೆಸರು ಬಂದೊಡನೆ ಮಾತು ಬದಲಿಸುತ್ತಿದ್ದರು. ಆದರೆ ಶಂಭುಲಿಂಗಯ್ಯನವರು ಜೀಪಿನಿಂದ ಬಗ್ಗಿ, “ಹೆಂಗೈತ್ಲಾ ನಿನ್ ಕಡೆ?” ಎಂದು ಕೇಳಿದಾಗಲೆಲ್ಲ ಅವನು ಕೊಟ್ಟ ಉತ್ತರ ಒಂದೇ: “ಪರವಾಗಿಲ್ಲ ಅಣ್ಣ.”

ಇಬ್ಬರ ಸ್ನೇಹ ಹುಟ್ಟಿದ್ದು ಪೊಲೀಸ್ ಠಾಣೆಯಲ್ಲಿ. ನಾಲೆಯ ನೀರು ದಬ್ಬೇಘಟ್ಟದ ಕೆರೆಗಳಿಗೂ ಬರಬೇಕೆಂದು ರೈತರು ರಸ್ತೆ ತಡೆದ ಕಾಲ ಅದು. ಕೆಂಚಪ್ಪನಿಗೆ ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಶಂಭುಲಿಂಗಯ್ಯನವರು ಕೊಬ್ಬರಿ ವ್ಯಾಪಾರಸ್ಥರ ಮನೆಯ ಹಿರಿಮಗ. ತೋಟದವರ ಜಗಳಕ್ಕೆ ಅವರು ಬರಬೇಕಾಗಿರಲಿಲ್ಲ, ಆದರೂ ಬಂದು ರಸ್ತೆಯ ಮೇಲೆ ಮಲಗಿದರು. ಲಾಕಪ್ಪಿನಲ್ಲಿ ತಮಗೆ ಮನೆಯಿಂದ ಬಂದ ರೊಟ್ಟಿ ಬುತ್ತಿಯನ್ನು ಬಿಚ್ಚಿ, ಮೂಲೆಯಲ್ಲಿ ಕೂತಿದ್ದ ಹುಡುಗನನ್ನು ಕರೆದು, “ಬಾರ್ಲಾ, ತಿನ್ನು. ಹೆಸರೇನು?” ಎಂದು ಕೇಳಿದರು. ಅಲ್ಲಿಂದ ಹೊರಬಂದ ಮೇಲೆ ಆ ಗುಂಪೇ ತಾಲ್ಲೂಕಿನಲ್ಲಿ ಪಕ್ಷವಾಯಿತು. ಶಂಭುಲಿಂಗಯ್ಯನವರು ಅಧ್ಯಕ್ಷರಾದರು. ಕೆಂಚಪ್ಪ ಕಾಗದದಲ್ಲಿ ಕಾರ್ಯದರ್ಶಿ, ಊರವರ ಬಾಯಲ್ಲಿ ಮಾತ್ರ ಅಂದಿನಿಂದ ಇಂದಿನವರೆಗೂ ‘ಶಂಭಣ್ಣನ ಕೆಂಚಪ್ಪ’.

ಹಾಗೆ ಕರೆಸಿಕೊಳ್ಳುವುದರಲ್ಲಿ ಅವನಿಗೆ ಕೀಳೆನಿಸಿದ್ದಿಲ್ಲ. ಅವನ ಅಪ್ಪ ತೀರಿಕೊಂಡಾಗ ಶಂಭುಲಿಂಗಯ್ಯನವರು ಅಂಗಿ ಬಿಚ್ಚಿ ಚಟ್ಟಕ್ಕೆ ಹೆಗಲು ಕೊಟ್ಟಿದ್ದರು. ಬೇರೆ ಜಾತಿಯವರು, ಪಟ್ಟಣದ ಸಾಹುಕಾರರು ಹಾಗೆ ಬಂದು ಹೆಗಲು ಕೊಟ್ಟದ್ದನ್ನು ಊರು ಅದಕ್ಕೂ ಮುಂಚೆ ಕಂಡಿರಲಿಲ್ಲ. ತೋಟದ ಪಾಲಿನ ವಿಷಯದಲ್ಲಿ ಅಣ್ಣತಮ್ಮಂದಿರು ಜಗಳವಾಡಿದಾಗ ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿದವರೂ ಅವರೇ. ಒಮ್ಮೆ ಗೆದ್ದು ವಿಧಾನಸಭೆಗೆ ಹೋಗಿ ಬಂದರೂ ಮಂಡಿಯ ಅದೇ ಮರದ ಕುರ್ಚಿಯ ಮೇಲೆ ಕೂತು ಬಡವರ ಅರ್ಜಿಗೆ ರುಜು ಹಾಕುತ್ತಿದ್ದರು. ಲಂಚ ಮುಟ್ಟಿದವರಲ್ಲ. ಇದನ್ನು ಅವರ ವಿರೋಧಿಗಳೂ ಒಪ್ಪುತ್ತಿದ್ದರು.

ಆದರೆ ವಯಸ್ಸಾದಂತೆ ಅವರ ಕಿವಿ ಮಂದವಾಯಿತು, ಕಿವಿಗಿಂತ ಹೆಚ್ಚಾಗಿ ಮನಸ್ಸು. ತೆಂಗಿಗೆ ಬಿಳಿ ನೊಣ ಬಿದ್ದು ಗರಿಗಳೆಲ್ಲ ಮಸಿ ಬಳಿದಂತೆ ಕಪ್ಪಾದ ವರ್ಷ ಹೆಂಗಸರು ಗಂಡಸರು ಮಂಡಿಯ ಮುಂದೆ ಬಂದು ನಿಂತರು. ಪಕ್ಷ ಏನಾದರೂ ಮಾಡಲಿ ಎಂಬುದು ಅವರ ಆಸೆ. “ಅದು ತೋಟಗಾರಿಕೆ ಇಲಾಖೆ ಕೆಲಸ, ಅಲ್ಲಿಗೆ ಹೋಗಿ” ಎಂದು ಹೇಳಿ ಶಂಭುಲಿಂಗಯ್ಯನವರು ಒಳಗೆ ಹೋದರು. ಸಭೆಯಲ್ಲಿ ಹೊಸಬರು ಬಾಯಿ ತೆಗೆದರೆ, “ನೀನು ಹುಟ್ಟೋ ಮುಂಚೆನೇ ನಾನು ಲಾಕಪ್ಪು ನೋಡಿದೀನಿ ಕಣಪ್ಪ” ಎನ್ನುತ್ತಿದ್ದರು. ಹೊಸಬರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಈ ಸಲ ಬೇರೆಯವರಿಗೆ ಟಿಕೆಟ್ ಕೊಡಿ ಎಂದು ಹಲವರು ಹೇಳಿದರೂ ಕೇಳದೆ ಬೆಂಗಳೂರಿಗೆ ಹೋಗಿ ತಮ್ಮ ಹೆಸರನ್ನೇ ಬರೆಸಿಕೊಂಡು ಬಂದರು. ಆಗಲೂ ಕೆಂಚಪ್ಪ ಅವರ ಪಕ್ಕದಲ್ಲೇ ಇದ್ದ.

ಫಲಿತಾಂಶ ಬಂದ ಮುಂದಿನ ಭಾನುವಾರ ಪಕ್ಷದ ಕೆಲವರು ಕೆಂಚಪ್ಪನ ತೋಟಕ್ಕೇ ಬಂದರು. ಸುಲಿದ ಕಾಯಿಯ ರಾಶಿಯ ಪಕ್ಕದಲ್ಲಿ ಚಾಪೆ ಹಾಸಿ ಕೂತರು. ತುರುವೇಕೆರೆ ಕೋರ್ಟಿನಲ್ಲಿ ವಕೀಲಿಕೆ ಮಾಡುವ ಸೂರ್ಯಪ್ರಕಾಶ್ ಮಾತು ತೆಗೆದರು.

“ಬೆಂಗಳೂರಿಂದ ವೀಕ್ಷಕರು ಬರ್ತಾ ಇದಾರೆ. ಹೊಸ ಅಧ್ಯಕ್ಷರ ಆಯ್ಕೆ ಅಂತೆ. ಶಂಭಣ್ಣೋರು ಮತ್ತೆ ತಾವೇ ಅಂತ ಹೇಳ್ಕೊಂಡು ಓಡಾಡ್ತಾವ್ರೆ.”

“ಈ ಸಲಾನೂ ಅವರೇ ಅಂದ್ರೆ ನಾನು ಬೇರೆ ದಾರಿ ನೋಡ್ಕೋತೀನಿ ಕಣ್ರೀ” ಎಂದ ದಯಾನಂದ್. ಹಾರ್ಡ್‌ವೇರ್ ಅಂಗಡಿ ಇಟ್ಟು, ಆಮೇಲೆ ಲೇಔಟ್ ವ್ಯವಹಾರಕ್ಕಿಳಿದು ಬೆಳೆದ ಮನುಷ್ಯ. ಪಕ್ಷದ ಬ್ಯಾನರ್‌ಗಳಲ್ಲಿ ಈಚೆಗೆ ಅವನ ಫೋಟೊ ದೊಡ್ಡದಾಗುತ್ತಾ ಬಂದಿತ್ತು.

“ಎಲ್ಲರೆದುರು ಕೈ ಎತ್ತಿಸಿ ಅವರನ್ನ ಇಳಿಸೋದು ಮರ್ಯಾದೆಯಲ್ಲ” ಎಂದರು ಸೂರ್ಯಪ್ರಕಾಶ್. “ಅವರಾಗೇ ಬಿಡಬೇಕು. ಅದನ್ನ ಅವರಿಗೆ ಹೇಳೋಕೆ ನೀವು ಬಿಟ್ರೆ ಯಾರಿದಾರೆ ಕೆಂಚಪ್ಪಣ್ಣ? ಬೇಕಾದ್ರೆ ನೀವೇ ಅಧ್ಯಕ್ಷರಾಗಿ. ಯಾರೂ ಬ್ಯಾಡ ಅನ್ನಲ್ಲ.”

ಉಳಿದವರು ತಲೆಯಾಡಿಸಿದರು. ದಯಾನಂದ್ ಮಾತ್ರ ಕಾಯಿಯ ರಾಶಿಯ ಕಡೆ ನೋಡುತ್ತಿದ್ದ.

ಬಂದವರು ಹೋದ ಮೇಲೂ ಕೆಂಚಪ್ಪ ಬಹಳ ಹೊತ್ತು ಅಲ್ಲೇ ಕೂತ. ಹೊಂಬಾಳಮ್ಮ ಕಾಫಿ ಲೋಟಗಳನ್ನು ಎತ್ತಿಕೊಳ್ಳಲು ಬಂದು ಅವನ ಮುಂದೆ ನಿಂತಳು.

“ಹೋಗಿ ಹೇಳ್ತೀರಾ?”

“ಹೇಳ್ಬೇಕು ಕಣೇ. ಮೊದಲೇ ಹೇಳಿದ್ರೆ ಇಷ್ಟು ಆಗ್ತಿರಲಿಲ್ಲವೇನೋ.”

“ಹೇಳಿ. ಆದ್ರೆ ಆ ಕುರ್ಚಿಗೆ ಮಾತ್ರ ನೀವು ಕೂರಬ್ಯಾಡಿ. ನೀವು ಕುಂತ್ರೆ, ಅದಕ್ಕೇ ಬಂದು ಹೇಳಿದ ಅಂತಾರೆ. ಜನ ಅಲ್ಲ, ಅವರೇ ಅಂತಾರೆ.”

ಕೆಂಚಪ್ಪನ ಮನಸ್ಸಿನಲ್ಲಿ ಕುರ್ಚಿಯ ಆಸೆ ಇರಲೇ ಇಲ್ಲವೆಂದರೆ ಸುಳ್ಳಾದೀತು. ಇಷ್ಟು ವರ್ಷ ಶಾಮಿಯಾನ ಹಾಕಿಸಿ, ಮೈಕಿನವನಿಗೆ ಕಾದು, ವೇದಿಕೆಯ ಮೆಟ್ಟಿಲ ಪಕ್ಕದಲ್ಲಿ ನಿಂತು ಸಭೆ ಮುಗಿಸಿದವನು. ಒಂದು ಗಳಿಗೆ ಅವನಿಗೆ ತಾನೇ ಮಾತನಾಡುತ್ತಿರುವಂತೆ, ಜನ ಕೇಳುತ್ತಿರುವಂತೆ ಕಂಡಿತ್ತು. ಹೆಂಡತಿಯ ಮಾತು ಕೇಳಿದ ಮೇಲೆ ಆ ಆಸೆಯನ್ನು ಅಲ್ಲೇ ಬಿಟ್ಟು ಎದ್ದ.

ಮಾರನೆಯ ಬೆಳಿಗ್ಗೆ ಅವನು ತುರುವೇಕೆರೆಗೆ ಹೋದ. ಶಂಭುಲಿಂಗಯ್ಯನವರ ಮನೆ ಮಂಡಿಯ ಹಿಂಭಾಗದಲ್ಲೇ ಇದೆ. ಅಟ್ಟದಿಂದ ಕೊಬ್ಬರಿ ಇಳಿಸುವ ಕೆಲಸ ನಡೆದಿತ್ತು. ಒಂದು ವರ್ಷ ಅಟ್ಟದಲ್ಲಿ ಒಣಗಿದ ಕಾಯಿಗಳು ಉರುಳುವಾಗ ಒಳಗಿನ ಉಂಡೆ ಕೊಬ್ಬರಿ ಲೊಟಲೊಟ ಸದ್ದು ಮಾಡುತ್ತಿತ್ತು. ಮನೆಯೊಡತಿ ದ್ರಾಕ್ಷಾಯಣಮ್ಮ ಬಾಗಿಲಿಗೆ ಬಂದು, “ಬಾಪ್ಪಾ ಕೆಂಚಪ್ಪ. ಫಲಿತಾಂಶ ಬಂದಾಗಿಂದ ಸರಿಯಾಗಿ ಊಟ ಮಾಡಿಲ್ಲ ಅವರು. ನೀನಾದ್ರೂ ಹೇಳು” ಎಂದು ಒಳಗೆ ಕರೆದರು.

ಶಂಭುಲಿಂಗಯ್ಯನವರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಂತೆಯೇ ಪಡಸಾಲೆಯಲ್ಲಿ ಕೂತಿದ್ದರು. ಕೆಂಚಪ್ಪನನ್ನು ಕಂಡು ಮುಖ ಅರಳಿತು.

“ಎಲ್ಲಿಗೆ ಹೋಗಿದ್ಯಲಾ ಇಷ್ಟು ದಿನ? ಬಾ, ಕೂತ್ಕೊ. ವೀಕ್ಷಕರ ಮುಂದೆ ಏನೇನು ಹೇಳ್ಬೇಕು ಅಂತ ಯೋಚನೆ ಮಾಡ್ತಿದ್ದೆ. ದುಡ್ಡು ತಗೊಂಡು ನಮಗೆ ಕೈ ಕೊಟ್ಟೋರು ಯಾರ್ಯಾರು ಅಂತ ಎಲ್ಲಾ ಬಿಡಿಸಿ ಹೇಳ್ತೀನಿ.”

“ಅಣ್ಣಾ, ಯಾರೂ ಕೈ ಕೊಡಲಿಲ್ಲ.”

“ಏನಂದೆ?”

ಕೆಂಚಪ್ಪ ದನಿ ಎತ್ತರಿಸಬೇಕಾಯಿತು. ಅಂಥ ಮಾತನ್ನು ಕೂಗಿ ಹೇಳಬೇಕಾಗಿ ಬಂದದ್ದು ಅವನಿಗೆ ಇನ್ನೂ ಹಿಂಸೆಯಾಯಿತು.

“ಯಾರೂ ಮೋಸ ಮಾಡಲಿಲ್ಲ. ಜನಕ್ಕೆ ನಾವು ಬ್ಯಾಡ ಆದ್ವಿ. ನನ್ನ ತಮ್ಮನ ಮನೇಲೇ ಓಟು ಬೀಳಲಿಲ್ಲ. ಅವನು ದುಡ್ಡು ಮುಟ್ಟಿಲ್ಲ ಅಣ್ಣ. ತೋಟ ಒಣಗುವಾಗ ನಿಮ್ಮೋರು ಎಲ್ಲಿದ್ರು ಅಂತ ಕೇಳ್ದ.”

ದ್ರಾಕ್ಷಾಯಣಮ್ಮ ಒಳಬಾಗಿಲಲ್ಲಿ ನಿಂತುಬಿಟ್ಟರು.

“ಇದು ಮುಂಚೆನೇ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು. ನಿಮ್ಮ ಮುಖ ನೋಡಿ ಹೇಳೋಕಾಗಲಿಲ್ಲ. ಅದು ನನ್ನ ತಪ್ಪು. ಇವತ್ತು ಹೇಳ್ದಿದ್ರೆ ಇನ್ನೊಂದು ತಪ್ಪಾಯ್ತದೆ. ಈ ಸಲ ನೀವು ಬಿಟ್ಟುಬಿಡಿ ಅಣ್ಣ. ಬೇರೆ ಯಾರಾದ್ರೂ ಅಧ್ಯಕ್ಷರಾಗ್ಲಿ.”

ಅಟ್ಟದ ಮೇಲಿನವನು ಕಾಯಿ ಇಳಿಸುವುದನ್ನು ನಿಲ್ಲಿಸಿದ್ದ. ಶಂಭುಲಿಂಗಯ್ಯನವರು ಹೆಗಲ ಮೇಲಿನ ವಸ್ತ್ರವನ್ನು ತೆಗೆದು ತೊಡೆಯ ಮೇಲಿಟ್ಟು ಮಡಿಸಿದರು, ಬಿಚ್ಚಿ ಮತ್ತೆ ಮಡಿಸಿದರು.

“ಯಾರು ಕಳ್ಸಿದ್ರು ನಿನ್ನ?”

“ಯಾರೂ ಕಳ್ಸಿಲ್ಲ ಅಂದ್ರೆ ಸುಳ್ಳಾಯ್ತದೆ. ಕಳ್ಸಿದ್ರು. ಆದ್ರೆ ಮಾತು ನಂದೇ.”

“ನಿನಗೆ ಬೇಕಾಯ್ತೇನ್ಲಾ ಕುರ್ಚಿ?”

“ನಾನು ನಿಲ್ಲಲ್ಲ. ನಿಮ್ಮ ಕಾಲಾಣೆ, ನಿಲ್ಲಲ್ಲ. ನೀವೇ ಒಂದು ಹೆಸರು ಹೇಳಿ, ನಾವೆಲ್ಲಾ ಒಪ್ಕೋತೀವಿ.”

ಶಂಭುಲಿಂಗಯ್ಯನವರು ಅವನನ್ನೇ ನೋಡಿದರು. ಬೈದಿದ್ದರೆ ಅವನಿಗೆ ಸಹಿಸಲು ಸುಲಭವಾಗುತ್ತಿತ್ತು. ಅವರು ಬೈಯಲಿಲ್ಲ. ಹೆಂಡತಿಯ ಕಡೆ ತಿರುಗಿ, “ಇವನಿಗೆ ಕಾಫಿ ಕೊಟ್ಟು ಕಳ್ಸು” ಎಂದು ಹೇಳಿ ಎದ್ದು ದೇವರ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡರು. ದ್ರಾಕ್ಷಾಯಣಮ್ಮ ತಂದ ಕಾಫಿಯನ್ನು ಕೆಂಚಪ್ಪ ನಿಂತುಕೊಂಡೇ ಕುಡಿದ. ಆಕೆಯ ಕಣ್ಣು ತುಂಬಿತ್ತು. “ಹೇಳಿದ್ದು ಸರಿ ಕಣಪ್ಪ. ಆದ್ರೆ ನೀನು ಹೇಳ್ಬಾರ್ದಿತ್ತು” ಎಂದರು.

ಬಸ್ ನಿಲ್ದಾಣದವರೆಗೂ ಆ ಮಾತು ಅವನ ಜೊತೆಗೇ ಬಂತು. ಮತ್ತಾರು ಹೇಳಬಹುದಿತ್ತು ಎಂದು ಒಬ್ಬೊಬ್ಬರ ಮುಖವನ್ನೂ ನೆನೆದು ನೋಡಿದ. ಯಾರೂ ಸಿಗಲಿಲ್ಲ.

ಆಯ್ಕೆಯ ಸಭೆ ಸಮುದಾಯ ಭವನದಲ್ಲಿ ನಡೆಯಿತು. ವೀಕ್ಷಕರಾಗಿ ಬಂದಿದ್ದವರು ಬೆಂಗಳೂರಿನ ಮಾಜಿ ಪರಿಷತ್ ಸದಸ್ಯರೊಬ್ಬರು. ವೇದಿಕೆಯ ಮೇಲೆ ಶಂಭುಲಿಂಗಯ್ಯನವರಿಗೆ ಕುರ್ಚಿ ಹಾಕಿದ್ದರು. ಅವರು ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ. ವೇದಿಕೆ ಹತ್ತದೆ ಕೆಳಗೆ ಮೈಕಿನ ಮುಂದೆ ನಿಂತರು. ಜಗಳವಾಗುತ್ತದೆಂದು ಅಂದುಕೊಂಡು ಬಂದವರು ಕುರ್ಚಿ ಎಳೆದುಕೊಂಡು ಮುಂದೆ ಸರಿದರು.

“ನಾನು ಸೋತೆ” ಎಂದರು. “ನನ್ನಿಂದ ಪಕ್ಷನೂ ಸೋಲ್ತು. ಇನ್ನು ಮುಂದೆ ನಾನು ಅಧ್ಯಕ್ಷ ಅಲ್ಲ. ನಿಮಗೆ ಯಾರು ಬೇಕೋ ಮಾಡ್ಕೊಳ್ಳಿ. ಯಾರ ಹೆಸರನ್ನೂ ನಾನು ಹೇಳಲ್ಲ.” ಕೈಮುಗಿದು ನಡುವಿನ ದಾರಿಯಲ್ಲಿ ಹೊರಟರು. ಎರಡೂ ಕಡೆ ಜನ ಎದ್ದು ನಿಂತರು. ಬಾಗಿಲ ಬಳಿ ನಿಂತಿದ್ದ ಕೆಂಚಪ್ಪ ಚಪ್ಪಲಿ ಹುಡುಕಿ ಕೊಡಲು ಬಗ್ಗಿದ. ಅವರು ಅವನ ಕೈಯಿಂದ ತೆಗೆದುಕೊಳ್ಳದೆ ತಾವೇ ಬಗ್ಗಿ ಹಾಕಿಕೊಂಡು ಹೋದರು.

ಅವರು ಹೋದೊಡನೆ ಸಭೆಯ ಬಣ್ಣ ಬದಲಾಯಿತು. ದಯಾನಂದನ ಕಡೆಯವರು ಅವನ ಹೆಸರು ಸೂಚಿಸಿ ಚಪ್ಪಾಳೆ ಹೊಡೆದರು. ಮುಂದಿನ ಚುನಾವಣೆಗೆ ದುಡ್ಡು ಹಾಕಬಲ್ಲವರು ಬೇಕು ಎಂದು ಒಬ್ಬ ಬಿಡಿಸಿಯೇ ಹೇಳಿದ. ವೀಕ್ಷಕರು ತಲೆಯಾಡಿಸುತ್ತಾ, “ಬೇರೆ ಹೆಸರುಗಳಿಲ್ಲದಿದ್ದರೆ...” ಎಂದು ಶುರುಮಾಡಿದರು.

ಆಗ ಕೆಂಚಪ್ಪ ಮುಂದೆ ಬಂದ. ಮೈಕಿನಲ್ಲಿ ಮಾತನಾಡಿ ಅವನಿಗೆ ಅಭ್ಯಾಸವಿಲ್ಲ. ಬಾಯಿ ತೀರಾ ಹತ್ತಿರ ಇಟ್ಟದ್ದರಿಂದ ಮೊದಲ ಮಾತು ಕಿರುಗುಟ್ಟಿತು.

“ನಾನು ಸುನಂದಾ ಅವರ ಹೆಸರು ಹೇಳ್ತೀನಿ.”

ಜನ ಹಿಂತಿರುಗಿ ನೋಡಿದರು. ಅಮ್ಮಸಂದ್ರದ ಕಡೆಯ ಹಳ್ಳಿಯೊಂದರ ಗ್ರಾಮ ಪಂಚಾಯಿತಿ ಸದಸ್ಯೆ ಸುನಂದಾ ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದಳು. ಊರಿನ ಮಹಿಳಾ ಹಾಲಿನ ಸಂಘ ನಡೆಸುವವಳು. ಬಿಳಿ ನೊಣದ ವರ್ಷ ಅಧಿಕಾರಿಗಳನ್ನು ಕರೆತಂದು ತೋಟ ತೋಟ ಸುತ್ತಿಸಿದ್ದಳು. ಇಡೀ ತಾಲ್ಲೂಕಿನಲ್ಲಿ ಪಕ್ಷ ಮುಂದೆ ಬಂದಿದ್ದ ಬೂತೆಂದರೆ ಅವಳ ಊರಿನದೊಂದೇ.

“ಸುನಂದಾ ನನಗೆ ನೆಂಟರಲ್ಲ, ಜಾತಿಯೋರೂ ಅಲ್ಲ” ಎಂದ ಕೆಂಚಪ್ಪ. “ಅವರೂರಿಗೆ ಪ್ರಚಾರಕ್ಕೆ ಹೋದಾಗ ಜನ ಶಂಭಣ್ಣೋರ ಮುಖ ನೋಡಲಿಲ್ಲ, ನನ್ನ ಮುಖನೂ ನೋಡಲಿಲ್ಲ. ಸುನಂದಮ್ಮ ಹೇಳಿದ್ರೆ ಹಾಕ್ತೀವಿ ಅಂದ್ರು. ಅಷ್ಟೇ ನನಗೆ ಗೊತ್ತಿರೋದು.”

ಸುನಂದಾ ಎದ್ದು ನಿಂತು, “ಅಣ್ಣಾ, ನನ್ನ ಕೇಳ್ದೆ ಹಿಂಗೆ ಹೇಳಿದ್ರೆ ಹೆಂಗೆ?” ಎಂದಳು. ನಗು ಹರಡಿತು. ಕೆಂಚಪ್ಪ ನಗಲಿಲ್ಲ.

“ಈಗ ಕೇಳ್ತಾ ಇದೀನಿ ತಾಯಿ. ಆಗಲ್ಲ ಅಂದ್ರೆ ಆಗಲ್ಲ ಅನ್ನು.”

ಅವಳು ಪಕ್ಕದ ಹೆಂಗಸರ ಕಡೆ ಒಮ್ಮೆ ನೋಡಿ, “ಮತಕ್ಕೆ ಹಾಕಿ. ಗೆದ್ರೆ ಮಾಡ್ತೀನಿ. ಆದ್ರೆ ಹೆಸರಿಗೆ ಮಾತ್ರ ನನ್ನ ಕೂರಿಸಿ ಹಿಂದೆ ಇನ್ನೊಬ್ರು ನಡೆಸೋದಾದ್ರೆ ಈಗಲೇ ಬಿಡಿ” ಎಂದಳು.

ಚೀಟಿಯಲ್ಲಿ ಮತ ಹಾಕಿಸಿದರು. ಹೆಂಗಸರು ಮತ್ತು ಹಳ್ಳಿಗಳಿಂದ ಬಂದಿದ್ದವರು ಹೆಚ್ಚಾಗಿ ಸುನಂದಾಳ ಕಡೆ ನಿಂತರು. ಸೂರ್ಯಪ್ರಕಾಶ್ ಕೊನೆಯವರೆಗೂ ಯಾರ ಕಡೆ ಎಂದು ತೋರಿಸಿಕೊಳ್ಳಲಿಲ್ಲ. ಅಂತರ ಸಣ್ಣದಾದರೂ ಸುನಂದಾ ಗೆದ್ದಳು. ದಯಾನಂದ್ ಕೈ ಕುಲುಕಿ ಹೊರಟವನು ತಿಂಗಳು ಕಳೆಯುವುದರೊಳಗೆ ಗೆದ್ದ ಪಕ್ಷಕ್ಕೆ ಸೇರಿಕೊಂಡ.

ವಿಷಯವನ್ನು ತಾನೇ ತಿಳಿಸಬೇಕೆಂದು ಕೆಂಚಪ್ಪ ಸಭೆಯಿಂದ ನೇರವಾಗಿ ಶಂಭುಲಿಂಗಯ್ಯನವರ ಮನೆಗೆ ಹೋದ. ದ್ರಾಕ್ಷಾಯಣಮ್ಮ ಹೊಸ್ತಿಲ ಈಚೆಗೆ ಬಂದು, “ಮಲಗವ್ರೆ ಕಣಪ್ಪ” ಎಂದರು. ಒಳಗಿನಿಂದ ಟಿವಿಯ ವಾರ್ತೆ ಕೇಳುತ್ತಿತ್ತು. “ಆಗಲಿ ಅಕ್ಕ, ಇನ್ನೊಂದಿನ ಬತ್ತೀನಿ” ಎಂದು ಹೇಳಿ ಬಂದ. ಇನ್ನೊಂದು ದಿನ ಹೋದಾಗ ಅವರು ತಿಪಟೂರಿಗೆ ಹೋಗಿದ್ದರು. ಮೂರನೆಯ ಸಲ ಅವನು ಹೋಗಲಿಲ್ಲ.

ಸುನಂದಾ ಮಾತ್ರ ಬುದ್ಧಿವಂತೆ. ಅಧ್ಯಕ್ಷೆಯಾದ ವಾರದಲ್ಲೇ ಹಣ್ಣು ತೆಗೆದುಕೊಂಡು ಹೋಗಿ ಹಿರಿಯರ ಕಾಲಿಗೆ ಬಿದ್ದಳು. ಶಂಭುಲಿಂಗಯ್ಯನವರು ಅವಳನ್ನು ಕೂರಿಸಿಕೊಂಡು ಯಾವ ಊರಿನಲ್ಲಿ ಯಾರನ್ನು ಮೊದಲು ಕಾಣಬೇಕು, ಯಾರ ಮನೆಯಲ್ಲಿ ಊಟ ಮಾಡಿದರೆ ಯಾರು ಮುನಿಯುತ್ತಾರೆ ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಆಮೇಲೂ ಅವಳು ಆಗಾಗ ಹೋಗುತ್ತಿದ್ದಳು. ಪಕ್ಷದ ಸಭೆಗಳು ಮಂಡಿಯ ಮಹಡಿ ಬಿಟ್ಟು ಹಳ್ಳಿಗಳಲ್ಲಿ ನಡೆಯತೊಡಗಿದವು. ಪಟ್ಟಣ ಪಂಚಾಯಿತಿಯ ಚುನಾವಣೆಯಲ್ಲಿ ಬಹುಮತ ಬರಲಿಲ್ಲ, ಆದರೆ ಕೆಲವು ವಾರ್ಡುಗಳು ಕೈಗೆ ಬಂದವು. ಸೋತ ಪಕ್ಷವೆಂದು ನಗುತ್ತಿದ್ದವರು ನಗುವುದನ್ನು ನಿಲ್ಲಿಸಿದರು.

ಒಂದು ದಿನ ಕೆಂಚಪ್ಪ ಅವಳನ್ನು ಕೇಳಿಯೇಬಿಟ್ಟ. “ಅಣ್ಣೋರು ನನ್ನ ವಿಷಯ ಏನಾದ್ರೂ ಎತ್ತುತಾರಾ ತಾಯಿ?”

ಸುನಂದಾ ಸುಳ್ಳು ಹೇಳಲಾರದೆ, “ಇಲ್ಲ ಅಣ್ಣ” ಎಂದಳು. “ನಾನು ನಿಮ್ಮ ಹೆಸರು ತೆಗೆದ್ರೆ ಸುಮ್ಮನಾಗ್ತಾರೆ. ಬಯ್ಯೋದಂತೂ ಇಲ್ಲ.”

“ಹೋಗ್ಲಿ ಬುಡು. ನಿನ್ನ ಕೈಲಿ ಮಾತಾಡ್ತಾವ್ರಲ್ಲ, ಅದೇ ಸಾಕು.”

ಮರುವರ್ಷ ಶಂಭುಲಿಂಗಯ್ಯನವರ ಮೊಮ್ಮಗಳು ಜೀವಿತಾಳ ಮದುವೆ ಗೊತ್ತಾಯಿತು. ಶಂಭುಲಿಂಗಯ್ಯನವರೂ ದ್ರಾಕ್ಷಾಯಣಮ್ಮನವರೂ ಕಾರಿನಲ್ಲಿ ಬಂದು ಕೆಂಚಪ್ಪನ ಮನೆಯ ಮುಂದೆ ಇಳಿದಾಗ ಹೊಂಬಾಳಮ್ಮ ಕೊಟ್ಟಿಗೆಯಿಂದ ಓಡಿಬಂದು ಚಾಪೆ ಹಾಸಿದಳು. ದ್ರಾಕ್ಷಾಯಣಮ್ಮ ಅವಳ ಹಣೆಗೆ ಕುಂಕುಮವಿಟ್ಟು ಲಗ್ನಪತ್ರಿಕೆ ಕೊಟ್ಟರು. ಶಂಭುಲಿಂಗಯ್ಯನವರು ಕೆಂಚಪ್ಪನ ಕಡೆಗೆ ತಿರುಗಿ ಎರಡೂ ಕೈ ಜೋಡಿಸಿದರು.

“ನೀವು ಮನೆಯವರನ್ನೆಲ್ಲ ಕರ್ಕೊಂಡು ಬರಬೇಕು ಕೆಂಚಪ್ಪನೋರೆ. ಹಿಂದಿನ ದಿನವೇ ಬನ್ನಿ.”

ಅವರ ಬಾಯಲ್ಲಿ ‘ನೀವು’ ಎಂಬುದನ್ನು ಕೆಂಚಪ್ಪ ಅದುವರೆಗೆ ಕೇಳಿರಲಿಲ್ಲ. ಲಾಕಪ್ಪಿನಲ್ಲಿ ರೊಟ್ಟಿ ಕೊಟ್ಟ ದಿನದಿಂದ ಅವನನ್ನು ಏಕವಚನದಲ್ಲೇ ಕರೆದವರು. “ಬತ್ತೀನಿ ಅಣ್ಣ” ಎಂದ. ಎಳನೀರು ಕೆತ್ತಿ ಕೊಟ್ಟ. ಇಬ್ಬರೂ ಕುಡಿದರು. ಆ ವರ್ಷದ ಕೊಬ್ಬರಿ ದರದ ಬಗ್ಗೆ, ಮದುವೆಯ ಗಂಡಿನ ಊರಿನ ಬಗ್ಗೆ ನಾಲ್ಕು ಮಾತಾಯಿತು. ಅವರು ಹೋದ ಮೇಲೆ ಹೊಂಬಾಳಮ್ಮ, “ಮನೆ ಬಾಗಿಲಿಗೆ ಬಂದ್ರಲ್ಲ, ಎಷ್ಟು ದೊಡ್ಡ ಮನಸ್ಸು” ಎಂದಳು. ಅವನು ಹೌದೆಂದ.

ಆ ಮನೆಯ ಕಾರ್ಯಗಳಲ್ಲಿ ಕೆಂಚಪ್ಪ ಎಂದೂ ನೆಂಟನಂತೆ ಕೂತವನಲ್ಲ. ಚಪ್ಪರ ಹಾಕಿಸುವುದು, ಎಳನೀರಿನ ಗೊನೆ ಇಳಿಸುವುದು, ದೂರದಿಂದ ಬಂದವರಿಗೆ ಜಾಗ ತೋರಿಸುವುದು, ಎಲ್ಲ ಅವನ ಮೇಲೇ. ಈ ಸಲ ಹಿಂದಿನ ದಿನ ಹೋಗಿ ನಿಂತಾಗ ಅವೆಲ್ಲವನ್ನೂ ಬೇರೆ ಯಾರೋ ಮಾಡುತ್ತಿದ್ದರು. ಅವನು ಕೈ ಹಾಕಲು ಹೋದ ಕಡೆಯಲ್ಲೆಲ್ಲ, “ನೀವು ಕೂತ್ಕೊಳ್ಳಿ, ನಾವು ಮಾಡ್ತೀವಿ” ಎಂದರು.

ಧಾರೆ ಮುಗಿದ ಮೇಲೆ ಶಂಭುಲಿಂಗಯ್ಯನವರೇ ಬಂದು ಅವನನ್ನೂ ಹೊಂಬಾಳಮ್ಮನನ್ನೂ ಕರೆದುಕೊಂಡು ಹೋಗಿ ಮೊದಲ ಪಂಕ್ತಿಯಲ್ಲಿ, ಬೀಗರ ಪಕ್ಕದಲ್ಲಿ ಕೂರಿಸಿದರು. “ನಿಧಾನವಾಗಿ ಊಟ ಮಾಡಿ” ಎಂದು ಹೇಳಿ ಮುಂದಿನವರ ಕಡೆಗೆ ಹೋದರು. ಬಾಳೆಲೆಯ ತುಂಬ ಬಡಿಸಿದರು. ಪಕ್ಕದಲ್ಲಿದ್ದ ಬೀಗರು, “ತಾವು ಯಾವ ಕಡೆಯವರಾಗಬೇಕು?” ಎಂದು ಕೇಳಿದರು. ದಬ್ಬೇಘಟ್ಟದ ಕಡೆಯವನು ಎಂದ ಕೆಂಚಪ್ಪ.

“ಇನ್ನೊಂಚೂರು ಪಾಯಸ ಹಾಕಿಸ್ಕೊಳ್ಳಿ” ಎಂದಳು ಹೊಂಬಾಳಮ್ಮ.

ಬಡಿಸುವವನು ಬಂದು ನಿಂತಾಗ ಕೆಂಚಪ್ಪ ಎಲೆಯ ಮೇಲೆ ಕೈ ಅಡ್ಡ ಹಿಡಿದ.